ಒಂದು ಹಾಡು, ಮೂರು ಧ್ವನಿಮುದ್ರಣ: ಪಿಂಕ್ ಫ್ಲಾಯ್ಡ್ 'ಮನಿ'ಯನ್ನು ಮತ್ತೆ ನುಡಿಸಬೇಕಾಗಿ ಬಂದದ್ದು ಏಕೆ?

1981ರ ನವೆಂಬರ್‌ನಲ್ಲಿ ಬ್ರಿಟನ್ನಿನ ಪಿಂಕ್ ಫ್ಲಾಯ್ಡ್ ತಂಡ ತನ್ನ ಹಳೆಯ ಹಾಡುಗಳ ಸಂಕಲನವೊಂದನ್ನು ಹೊರತಂದಿತು. ಹೆಸರು 'ಎ ಕಲೆಕ್ಷನ್ ಆಫ್ ಗ್ರೇಟ್ ಡ್ಯಾನ್ಸ್ ಸಾಂಗ್ಸ್'. ಕುಣಿತಕ್ಕೆ ಹೇಳಿ ಮಾಡಿಸಿದ ಹಾಡುಗಳ ಗೊಂಚಲು ಎಂದು ಅದರ ಅರ್ಥ. ಹೆಸರೇ ಒಂದು ತಮಾಷೆ, ಏಕೆಂದರೆ ಈ ತಂಡದ ಹಾಡುಗಳು ಕತ್ತಲೆಯಲ್ಲಿ ಕಣ್ಣುಮುಚ್ಚಿ ಕೇಳುವಂಥವು, ಹೆಜ್ಜೆ ಹಾಕುವಂಥವಲ್ಲ. ಮುಖಪುಟದ ಚಿತ್ರವೂ ಅದನ್ನೇ ಹೇಳುತ್ತದೆ. ಬಯಲಿನಲ್ಲಿ ಒಂದು ಜೋಡಿ ನೃತ್ಯದ ಭಂಗಿಯಲ್ಲಿ ನಿಂತಿದೆ, ಆದರೆ ಡೇರೆಗೆ ಹಗ್ಗ ಬಿಗಿದು ಗೂಟ ಹೊಡೆಯುವಂತೆ ಇಬ್ಬರನ್ನೂ ನೆಲಕ್ಕೆ ಕಟ್ಟಲಾಗಿದೆ.

ಒಳಗಿರುವುದು ಆರೇ ಹಾಡುಗಳು. 1971ರ 'ಮೆಡಲ್' ಆಲ್ಬಮ್ಮಿನಿಂದ 'ಒನ್ ಆಫ್ ದೀಸ್ ಡೇಸ್', 1973ರ 'ದ ಡಾರ್ಕ್ ಸೈಡ್ ಆಫ್ ದ ಮೂನ್'ನಿಂದ 'ಮನಿ', 1975ರ 'ವಿಶ್ ಯು ವರ್ ಹಿಯರ್'ನಿಂದ ಎರಡು, 1977ರ 'ಅನಿಮಲ್ಸ್'ನಿಂದ 'ಶೀಪ್', 1979ರ 'ದ ವಾಲ್'ನಿಂದ 'ಅನದರ್ ಬ್ರಿಕ್ ಇನ್ ದ ವಾಲ್'ನ ಎರಡನೆಯ ಭಾಗ. ಮೇಲ್ನೋಟಕ್ಕೆ ಎಲ್ಲ ಸಂಕಲನಗಳಂತೆ ಇದೂ ಒಂದು.

ನಾನು 'ಮನಿ'ಯನ್ನು ಮೊದಲು ಕೇಳಿದ್ದು ಈ ಸಂಕಲನದಲ್ಲಿಯೇ, ಗೆಳೆಯನೊಬ್ಬ ಕ್ಯಾಸೆಟ್ಟಿಗೆ ನಕಲು ಮಾಡಿಕೊಟ್ಟದ್ದರಲ್ಲಿ. ಹಾಡು ಇರುವುದೇ ಹೀಗೆ ಎಂದು ಬಹಳ ಕಾಲ ನಂಬಿದ್ದೆ. ಆಮೇಲೆ 1973ರ ಆಲ್ಬಮ್ ಕೈಗೆ ಸಿಕ್ಕಿತು. ಅದೇ ಪದಗಳು, ಅದೇ ಸ್ವರಗಳು, ಅದೇ ಕಂಠ. ಆದರೂ ಪರಿಚಿತರೊಬ್ಬರ ಮನೆಗೆ ಹೋದಾಗ ಅವರ ಅಣ್ಣ ಬಾಗಿಲು ತೆರೆದಂತಾಯಿತು. ಹೋಲಿಕೆ ಇದೆ, ಆದರೆ ಇವರು ಅವರಲ್ಲ. ಸಂಕಲನದಲ್ಲಿದ್ದದ್ದು ಹಳೆಯ ಟೇಪಿನ ಪ್ರತಿಯಲ್ಲ, 1981ರಲ್ಲಿ ತಂಡದ ಗಿಟಾರ್ ವಾದಕ, ಗಾಯಕ ಡೇವಿಡ್ ಗಿಲ್ಮೋರ್ ಹೊಸದಾಗಿ ನುಡಿಸಿ ಮುದ್ರಿಸಿದ್ದು ಎಂದು ತಿಳಿದದ್ದು ಇನ್ನೂ ತಡವಾಗಿ.

ಎಂಟು ವರ್ಷಗಳಿಂದ ಜಗತ್ತೆಲ್ಲ ಕೇಳುತ್ತಿದ್ದ, ಯಾವ ದೋಷವೂ ಇಲ್ಲದ ಒಂದು ಹಾಡನ್ನು ಮತ್ತೆ ನುಡಿಸುವ ಅಗತ್ಯವೇನಿತ್ತು? ಉತ್ತರ ಹುಡುಕುತ್ತ ಹೋದರೆ ಸಂಗೀತದ ವ್ಯವಹಾರದಲ್ಲಿ ಅತ್ಯಂತ ಗೊಂದಲದ ವಿಷಯವೊಂದು ಎದುರಾಗುತ್ತದೆ. ನಾವು 'ಹಾಡು' ಎಂದು ಒಂದೇ ಮಾತಿನಲ್ಲಿ ಕರೆಯುವುದು ಕಾನೂನಿನ ಕಣ್ಣಿಗೆ ಎರಡು ಬೇರೆ ಬೇರೆ ಸ್ವತ್ತುಗಳು.

ಅಲ್ಲಿಗೆ ಹೋಗುವ ಮೊದಲು 1973ರ ಆ ಧ್ವನಿಮುದ್ರಣ ಹೇಗೆ ಹುಟ್ಟಿತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಎಲ್ಲ ತೊಡಕಿನ ಬೇರು ಅಲ್ಲಿದೆ.

ಪಿಂಕ್ ಫ್ಲಾಯ್ಡ್ ತಂಡವನ್ನು ಸೇರಿಸುವ ಪ್ರೋಗ್ರೆಸಿವ್ ರಾಕ್ ಎಂಬ ಪ್ರಕಾರ 1960ರ ದಶಕದ ಕೊನೆಯಲ್ಲಿ ಮುಖ್ಯವಾಗಿ ಇಂಗ್ಲೆಂಡಿನಲ್ಲಿ ರೂಪುಗೊಂಡಿತು. ಮೂರು ನಿಮಿಷದ ಹಾಡಿನ ಚೌಕಟ್ಟು ಅದಕ್ಕೆ ಸಾಲಲಿಲ್ಲ. ಇಪ್ಪತ್ತು ನಿಮಿಷದ ರಚನೆಗಳು, ನಾಲ್ಕರ ಎಣಿಕೆಗೆ ಸಿಗದ ಲಯಗಳು, ಮೊದಲಿನಿಂದ ಕೊನೆಯವರೆಗೆ ಒಂದೇ ಎಳೆಯಲ್ಲಿ ಸಾಗುವ ಆಲ್ಬಮ್‌ಗಳು ಬಂದವು. ಇವೆಲ್ಲಕ್ಕಿಂತ ದೊಡ್ಡ ಬದಲಾವಣೆ ಎಂದು ನನಗೆ ಕಾಣುವುದು ಇನ್ನೊಂದು: ಈ ತಂಡಗಳು ಸ್ಟುಡಿಯೋವನ್ನೇ ಒಂದು ವಾದ್ಯವಾಗಿ ಬಳಸಿದವು. ಟೇಪನ್ನು ಕತ್ತರಿಸುವುದು, ಅಂಟಿಸುವುದು, ಹಿಂದುಮುಂದಾಗಿ ಓಡಿಸುವುದು, ಪದರದ ಮೇಲೆ ಪದರ ಕೂಡಿಸುವುದು ಅವರಿಗೆ ರಚನೆಯ ಭಾಗವೇ ಆಗಿತ್ತು.

'ಮನಿ'ಯನ್ನು ಬರೆದವರು ತಂಡದ ಬಾಸ್ ಗಿಟಾರ್ ವಾದಕ ರೋಜರ್ ವಾಟರ್ಸ್. ಹಾಡು ಶುರುವಾಗುವುದು ಯಾವ ವಾದ್ಯದಿಂದಲೂ ಅಲ್ಲ, ಹಣದ ಸದ್ದಿನಿಂದ. ಅಂಗಡಿಯ ನಗದು ಯಂತ್ರ ಠಣ್ಣನೆ ತೆರೆಯುವುದು, ನಾಣ್ಯಗಳು ಉದುರುವುದು, ಕಾಗದ ಹರಿಯುವುದು, ಹೀಗೆ ಏಳು ಸದ್ದುಗಳು ಒಂದರ ಹಿಂದೆ ಒಂದು ಬಂದು ಮತ್ತೆ ಮೊದಲಿಗೆ ಮರಳುತ್ತವೆ. ಇಂದು ಕಂಪ್ಯೂಟರಿನಲ್ಲಿ ಐದು ನಿಮಿಷದ ಕೆಲಸ. ಅಂದು ವಾಟರ್ಸ್ ಮತ್ತು ಡ್ರಮ್ಸ್ ವಾದಕ ನಿಕ್ ಮೇಸನ್ ತಮ್ಮ ತಮ್ಮ ಮನೆಯಲ್ಲಿ ಸದ್ದುಗಳನ್ನು ಹಿಡಿದರು. ವಾಟರ್ಸ್ ಅವರ ಆಗಿನ ಪತ್ನಿ ಮಡಕೆ ಕಲೆಯಲ್ಲಿ ತೊಡಗಿದ್ದವರು. ಅವರು ಜೇಡಿಮಣ್ಣು ಕಲಸುತ್ತಿದ್ದ ದೊಡ್ಡ ಬೋಗುಣಿಗೆ ನಾಣ್ಯಗಳನ್ನು ಎಸೆದು ಸದ್ದು ತೆಗೆದರು. ಮೇಸನ್ ಹಳೆಯ ಪೆನ್ನಿಗಳಿಗೆ ತೂತು ಕೊರೆದು ದಾರಕ್ಕೆ ಪೋಣಿಸಿದರು. ಒಂದೊಂದು ಸದ್ದಿರುವ ಟೇಪಿನ ತುಂಡನ್ನೂ ಅಳತೆಪಟ್ಟಿ ಹಿಡಿದು ಸಮವಾಗಿ ಕತ್ತರಿಸಿ, ಏಳನ್ನೂ ಅಂಟಿಸಿ ಕೊನೆಗೆ ಬಳೆಯಂತೆ ಕೂಡಿಸಿದರು. ಆ ಬಳೆ ಯಂತ್ರದಲ್ಲಿ ಸುತ್ತುತ್ತಿರುವಷ್ಟು ಹೊತ್ತೂ ಏಳರ ಲಯ ನಿಲ್ಲದೆ ನಡೆಯುತ್ತದೆ. ಇಲ್ಲಿ ತಾಳವೆಂದರೆ ಕೈಯಲ್ಲಿ ಹಿಡಿದು ಅಳೆಯಬಹುದಾದ ಟೇಪಿನ ಉದ್ದ.

ಏಳರ ಎಣಿಕೆ ಪಾಶ್ಚಾತ್ಯ ರಾಕ್ ಕೇಳುಗರಿಗೆ ಹೊಸದಾಗಿತ್ತು, ನಮಗೆ ಅಷ್ಟು ಹೊಸದಲ್ಲ. 'ತಕಿಟ ತಕಧಿಮಿ' ಎಂದು ಮಿಶ್ರಛಾಪು ಹಾಕಿದವರಿಗೆ ಏಳು ಎಣಿಸುವುದು ಮೈಗೂಡಿದ ವಿದ್ಯೆ. 'ಮನಿ'ಯ ನಡಿಗೆ ಮಿಶ್ರಛಾಪಿನದಲ್ಲ, ಅದರ ಒತ್ತುಗಳು ಬೀಳುವ ಜಾಗ ಬೇರೆ. ಆದರೂ ಕರ್ನಾಟಕ ಸಂಗೀತ ಕೇಳಿ ಬೆಳೆದವರು ಈ ಹಾಡಿನ ಆವರ್ತವನ್ನು ಬೇಗ ಹಿಡಿದುಕೊಳ್ಳುತ್ತಾರೆ ಎಂಬುದು ನನ್ನ ಅನುಭವ. ಅತಿಥಿ ವಾದಕ ಡಿಕ್ ಪ್ಯಾರಿ ಅವರ ಸ್ಯಾಕ್ಸೋಫೋನ್ ಏಳರಲ್ಲೇ ಹರಿಯುತ್ತದೆ. ಗಿಟಾರ್ ಸರದಿ ಬಂದಾಗ ಮಾತ್ರ ಇಡೀ ತಂಡ ನಾಲ್ಕಕ್ಕೆ ಹೊರಳಿ ಓಡತೊಡಗುತ್ತದೆ. ಆ ಹೊರಳುವಿಕೆಯಲ್ಲಿ ಸಿಗುವ ಬಿಡುಗಡೆ ಹಾಡಿನ ಜೀವ. ಗಿಟಾರ್ ನುಡಿದಾದ ಮೇಲೆ ಮತ್ತೆ ಏಳಕ್ಕೆ ಇಳಿದಾಗ ಯಾರೋ ಕಾಲರ್ ಹಿಡಿದು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ತಂದು ನಿಲ್ಲಿಸಿದ ಹಾಗೆ.

ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋದಲ್ಲಿ 1972 ಮತ್ತು 1973ರ ನಡುವೆ ಅಲನ್ ಪಾರ್ಸನ್ಸ್ ಎಂಜಿನಿಯರ್ ಆಗಿ ಈ ಆಲ್ಬಮ್ ಮುದ್ರಣವಾಯಿತು. ವಾಟರ್ಸ್ ಅವರ ಬಾಸ್, ಮೇಸನ್ ಅವರ ಡ್ರಮ್ಸ್, ರಿಚರ್ಡ್ ರೈಟ್ ಅವರ ವರ್ಲಿಟ್ಜರ್ ವಿದ್ಯುತ್ ಪಿಯಾನೊ, ಗಿಲ್ಮೋರ್ ಅವರ ಗಿಟಾರ್ ಮತ್ತು ಕಂಠ, ಪ್ಯಾರಿ ಅವರ ಸ್ಯಾಕ್ಸೋಫೋನ್. ಐದು ಜನರ ಐದು ಸ್ವಭಾವಗಳು. ಮೇಸನ್ ಡ್ರಮ್ಸ್ ಎಂದರೆ ಕೊಂಚ ಜಗ್ಗಿ ಕುಳಿತ ಹೊಡೆತ, ರೈಟ್ ಎಂದರೆ ಅಂಚಿನಲ್ಲಿ ನಿಂತು ಬಣ್ಣ ತುಂಬುವ ಕೈ. ಸ್ವರಲಿಪಿಯಲ್ಲಿ ಇವು ಯಾವುವೂ ಬರೆಯಲು ಬರುವುದಿಲ್ಲ.

ಈಗ ವ್ಯವಹಾರದ ಕಥೆ.

ಬ್ರಿಟನ್ನಿನಲ್ಲಿ ಪಿಂಕ್ ಫ್ಲಾಯ್ಡ್ ಹಾಡುಗಳನ್ನು ಹೊರತರುತ್ತಿದ್ದದ್ದು ಇಎಂಐ ಕಂಪನಿ, ತನ್ನ ಹಾರ್ವೆಸ್ಟ್ ಎಂಬ ಹೆಸರಿನಡಿ. ಅಮೆರಿಕದಲ್ಲಿ ಆ ಕೆಲಸ ಇಎಂಐನ ಕೈಯಲ್ಲಿದ್ದ ಕ್ಯಾಪಿಟಲ್ ರೆಕಾರ್ಡ್ಸ್‌ನದು. 1971ರಿಂದ ಆ ಕ್ಯಾಪಿಟಲ್‌ನ ಚುಕ್ಕಾಣಿ ಹಿಡಿದಿದ್ದವರು ತಿರುವನಂತಪುರದಲ್ಲಿ ಹುಟ್ಟಿದ ಭಾಸ್ಕರ್ ಮೆನನ್. ಅದಕ್ಕೆ ಮೊದಲು ಅವರು ನಡೆಸುತ್ತಿದ್ದದ್ದು ಗ್ರಾಮಫೋನ್ ಕಂಪನಿ ಆಫ್ ಇಂಡಿಯಾವನ್ನು. ಕಹಳೆಯ ಮುಂದೆ ನಾಯಿ ಕುಳಿತ ಚಿತ್ರದ ಎಚ್‌ಎಂವಿ ತಟ್ಟೆಗಳು ಕನ್ನಡದ ಎಷ್ಟೋ ಮನೆಗಳಲ್ಲಿ ಇದ್ದವಲ್ಲ, ಅದೇ ಕಂಪನಿ. ಪಿಂಕ್ ಫ್ಲಾಯ್ಡ್‌ನ ಹಿಂದಿನ ಆಲ್ಬಮ್‌ಗಳು ಅಮೆರಿಕದಲ್ಲಿ ಹೇಳಿಕೊಳ್ಳುವಷ್ಟು ಮಾರಾಟವಾಗಿರಲಿಲ್ಲ. 'ಡಾರ್ಕ್ ಸೈಡ್' ಬಂದಾಗ ಮೆನನ್ ಅದರ ಮೇಲೆ ಪೂರ್ಣ ನಂಬಿಕೆಯಿಟ್ಟು ದೊಡ್ಡ ಪ್ರಮಾಣದ ಪ್ರಚಾರ ಮಾಡಿಸಿದರು. ಫಲ ಸಿಕ್ಕಿತು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 1973ರಿಂದ 1988ರ ನಡುವೆ ಆ ಆಲ್ಬಮ್ ಒಟ್ಟು 741 ವಾರ ಇತ್ತು. ಆದರೆ 1975ರ ಹೊತ್ತಿಗಾಗಲೇ ತಂಡ ಅಮೆರಿಕದ ಮಟ್ಟಿಗೆ ಮುಂದಿನ ಆಲ್ಬಮ್‌ಗಳನ್ನು ಕೊಲಂಬಿಯಾ ಕಂಪನಿಗೆ ಕೊಡಲು ಒಪ್ಪಿಕೊಂಡಿತ್ತು. 1975ರಿಂದ ಮುಂದಿನದೆಲ್ಲ ಅಲ್ಲಿ ಕೊಲಂಬಿಯಾದ್ದು, ಹಿಂದಿನದು ಕ್ಯಾಪಿಟಲ್‌ನದು.

ಹೀಗಾಗಿ 1981ರಲ್ಲಿ ಸಂಕಲನ ತರಲು ಹೊರಟಾಗ ಒಂದೇ ತಂಡದ ಹಾಡುಗಳು ಅಣ್ಣತಮ್ಮಂದಿರ ಪಾಲಾದ ಜಮೀನಿನಂತೆ ಎರಡು ಕಡೆ ಹಂಚಿಹೋಗಿದ್ದವು. ಅಮೆರಿಕದಲ್ಲಿ ಸಂಕಲನ ಹೊರತರುತ್ತಿದ್ದದ್ದು ಕೊಲಂಬಿಯಾ. 'ಮನಿ'ಯ ಟೇಪಿಗೆ ಅದು ಕ್ಯಾಪಿಟಲ್‌ನ ಅನುಮತಿ ಪಡೆಯಬೇಕು. ಕ್ಯಾಪಿಟಲ್ ಕೊಡಲಿಲ್ಲ. 'ಒನ್ ಆಫ್ ದೀಸ್ ಡೇಸ್' ಕೂಡ ಕ್ಯಾಪಿಟಲ್ ಕಾಲದ್ದೇ, ಆದರೂ ಅದು ಮೂಲರೂಪದಲ್ಲಿಯೇ ಸಂಕಲನಕ್ಕೆ ಬಂತು. ತಡೆ ಬಿದ್ದದ್ದು 'ಮನಿ'ಗೆ. ವಾರವಾರವೂ ಮಾರಾಟವಾಗುತ್ತಿದ್ದ ಆಲ್ಬಮ್ಮಿನ ಅತಿ ಜನಪ್ರಿಯ ಹಾಡನ್ನು ಎದುರಾಳಿಯ ತಟ್ಟೆಗೆ ಬಡಿಸಲು ಯಾವ ವ್ಯಾಪಾರಿಗೆ ತಾನೇ ಮನಸ್ಸು ಬಂದೀತು? ಎರಡು ವರ್ಷದ ನಂತರ, 1983ರಲ್ಲಿ, ಕ್ಯಾಪಿಟಲ್ 'ವರ್ಕ್ಸ್' ಎಂಬ ತನ್ನದೇ ಪಿಂಕ್ ಫ್ಲಾಯ್ಡ್ ಸಂಕಲನ ತಂದಿತು.

ಗಮನಿಸಬೇಕಾದದ್ದು ಇಷ್ಟು: ಕ್ಯಾಪಿಟಲ್ ತಡೆಯಲು ಸಾಧ್ಯವಿದ್ದದ್ದು ಟೇಪನ್ನು ಮಾತ್ರ. ಹಾಡನ್ನು ಅಲ್ಲ.

ಒಂದು ಹಾಡಿನಲ್ಲಿ ಎರಡು ಹಕ್ಕುಗಳಿವೆ. ಮೊದಲನೆಯದು ರಚನೆಯ ಹಕ್ಕು: ಸಾಹಿತ್ಯ, ಮಟ್ಟು, ಸ್ವರಗಳ ಜೋಡಣೆ. ಇದು ಬರೆದವರದು, ಅಥವಾ ಅವರು ಒಪ್ಪಿಸಿದ ಪ್ರಕಾಶಕರದು. ಎರಡನೆಯದು ಧ್ವನಿಮುದ್ರಣದ ಹಕ್ಕು: ಆ ರಚನೆಯನ್ನು ಒಂದು ದಿನ ಒಂದು ಕೋಣೆಯಲ್ಲಿ ಇಂಥವರು ನುಡಿಸಿದಾಗ ಟೇಪಿನ ಮೇಲೆ ಉಳಿದ ಸದ್ದು. ಇದು ಸಾಮಾನ್ಯವಾಗಿ ಮುದ್ರಣದ ಖರ್ಚು ಹೊತ್ತ ಕಂಪನಿಯದು. ಮಾಸ್ಟರ್ ಎಂದು ವ್ಯವಹಾರದವರು ಕರೆಯುವುದು ಇದನ್ನೇ. ಅಡುಗೆಯ ಮಾತಿನಲ್ಲಿ ಹೇಳುವುದಾದರೆ ಅಜ್ಜಿ ಬರೆದಿಟ್ಟ ಸಾರಿನ ಪುಡಿಯ ಲೆಕ್ಕ ಒಂದು, ಆ ಲೆಕ್ಕದಂತೆ ಹೋದ ಯುಗಾದಿಗೆ ಕುಟ್ಟಿ ಡಬ್ಬಿಯಲ್ಲಿ ತುಂಬಿಟ್ಟ ಪುಡಿ ಇನ್ನೊಂದು. ಡಬ್ಬಿ ಪಕ್ಕದ ಮನೆಯವರ ಪಾಲಾದರೂ ಲೆಕ್ಕ ನಿಮ್ಮ ಬಳಿ ಇದ್ದರೆ ಹೊಸದಾಗಿ ಕುಟ್ಟಿಕೊಳ್ಳಬಹುದು.

ಈ ಭೇದ ಕಾನೂನಿನೊಳಗೆ ಬಂದ ದಾರಿ ಸ್ವಾರಸ್ಯದ್ದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಮನೆಗಳಲ್ಲಿ ತಾನಾಗಿ ನುಡಿಯುವ ಪಿಯಾನೊಗಳು ಇದ್ದವು. ತೂತು ಕೊರೆದ ಕಾಗದದ ಸುರುಳಿಯನ್ನು ಹಾಕಿದರೆ ಪಿಯಾನೊ ಆ ಹಾಡನ್ನು ನುಡಿಸುತ್ತಿತ್ತು. ಸುರುಳಿ ಮಾರುವವರು ಹಾಡು ಬರೆದವರಿಗೆ ದುಡ್ಡು ಕೊಡುತ್ತಿರಲಿಲ್ಲ. ತೂತುಗಳನ್ನು ಮನುಷ್ಯ ಓದಲಾರ, ಆದ್ದರಿಂದ ಸುರುಳಿ ಸಂಗೀತ ಪುಸ್ತಕದ ನಕಲಲ್ಲ ಎಂದು 1908ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಮರುವರ್ಷವೇ, 1909ರ ಕಾಯ್ದೆಯಲ್ಲಿ, ಶಾಸನಸಭೆ ಒಂದು ನಡುದಾರಿ ಹುಡುಕಿತು. ಒಂದು ಹಾಡು ಒಮ್ಮೆ ಬರೆದವರ ಒಪ್ಪಿಗೆಯಿಂದ ಯಂತ್ರಕ್ಕೆ ಇಳಿದ ಮೇಲೆ, ನಿಗದಿತ ರಾಯಲ್ಟಿ ಕೊಟ್ಟು ಯಾರು ಬೇಕಾದರೂ ಅದನ್ನು ಮತ್ತೆ ಮುದ್ರಿಸಬಹುದು. ಬರೆದವರು ಬೇಡವೆನ್ನುವಂತಿಲ್ಲ, ಮುದ್ರಿಸುವವರು ಪುಕ್ಕಟೆ ಒಯ್ಯುವಂತಿಲ್ಲ. ಇಂದಿಗೂ ಅಮೆರಿಕದಲ್ಲಿ ಹಳೆಯ ಹಾಡುಗಳ ಮರುಮುದ್ರಣ ನಿಂತಿರುವುದು ಈ ತಳಹದಿಯ ಮೇಲೆ.

ಧ್ವನಿಮುದ್ರಣಕ್ಕೆ ಅಮೆರಿಕದ ಕೇಂದ್ರ ಕಾನೂನಿನ ಹಕ್ಕುಸ್ವಾಮ್ಯ ಸಿಕ್ಕಿದ್ದು ಬಹಳ ತಡವಾಗಿ, 1972ರ ಫೆಬ್ರವರಿ 15ರಿಂದ. ಅದೂ ಆ ಟೇಪಿನ ಮೇಲಿರುವ ನಿಜವಾದ ಸದ್ದಿಗೆ ಮಾತ್ರ. ಇನ್ನೊಬ್ಬರು ಬೇರೆಯಾಗಿ ಕುಳಿತು, ಕೂದಲೆಳೆಯಷ್ಟೂ ವ್ಯತ್ಯಾಸ ಕಾಣದಂತೆ ಅನುಕರಿಸಿ ನುಡಿಸಿದರೂ ಅದು ಧ್ವನಿಮುದ್ರಣದ ಹಕ್ಕಿನ ಉಲ್ಲಂಘನೆ ಆಗುವುದಿಲ್ಲ ಎಂದು ಆ ಕಾಯ್ದೆಯೇ ಹೇಳುತ್ತದೆ. ಗಿಲ್ಮೋರ್ ನಡೆದುಹೋದ ಬಾಗಿಲು ಇದು.

ನಮ್ಮಲ್ಲೂ ಇಂಥ ಬಾಗಿಲಿದೆ. ಕ್ಯಾಸೆಟ್ಟುಗಳ ಕಾಲದಲ್ಲಿ ಹಳೆಯ ಚಿತ್ರಗೀತೆಗಳನ್ನು ಬೇರೆ ಗಾಯಕರಿಂದ ಹಾಡಿಸಿ ಕಡಿಮೆ ಬೆಲೆಗೆ ಮಾರುತ್ತಿದ್ದದ್ದು ಹಲವರಿಗೆ ನೆನಪಿರಬಹುದು. ಮನೆಗೆ ತಂದು ಹಾಕಿದ ಮೇಲೆ 'ಇದು ಅವರ ದನಿಯಲ್ಲವಲ್ಲ' ಎಂದು ನಿರಾಶರಾದವರಲ್ಲಿ ನಾನೂ ಒಬ್ಬ. ಭಾರತದ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ ಕಲಂ 31ಸಿ ಪ್ರಕಾರ ಮೊದಲ ಮುದ್ರಣ ಆದ ವರ್ಷ ಮುಗಿದು ಐದು ವರ್ಷ ಕಳೆಯುವವರೆಗೆ ಕವರ್ ಮುದ್ರಣ, ಅಂದರೆ ಹೀಗೆ ಹೊಸದಾಗಿ ಹಾಡಿಸಿದ ಮುದ್ರಣ, ಮಾಡುವಂತಿಲ್ಲ. ಮಾಡುವವರು ಕನಿಷ್ಠ 50,000 ಪ್ರತಿಗಳ ರಾಯಲ್ಟಿ ತುಂಬಬೇಕು, ಇದು ಕವರ್ ಮುದ್ರಣ ಎಂದು ಹೊದಿಕೆಯ ಮೇಲೆ ಹೇಳಬೇಕು. ಆ ಕೊನೆಯ ನಿಯಮ ನನಗೆ ಬಹಳ ಮುಖ್ಯವೆನಿಸುತ್ತದೆ. ಕೇಳುಗನಿಗೆ ತಾನು ಏನನ್ನು ಕೇಳುತ್ತಿದ್ದೇನೆ ಎಂದು ತಿಳಿಯುವ ಹಕ್ಕೂ ಇದೆ.

ಮತ್ತೆ 1981ಕ್ಕೆ. ತಂಡ ಆಗ ಒಂದು ತಂಡವಾಗಿ ಉಳಿದಿತ್ತು ಎನ್ನುವುದೇ ಕಷ್ಟ. 'ದ ವಾಲ್' ಮುದ್ರಣದ ಹೊತ್ತಿನಲ್ಲಿಯೇ ರೈಟ್ ತಂಡದಿಂದ ಹೊರಬಿದ್ದಿದ್ದರು, ಆಮೇಲಿನ ಪ್ರದರ್ಶನಗಳಲ್ಲಿ ಸಂಬಳಕ್ಕೆ ನುಡಿಸಿದರು. ವಾಟರ್ಸ್ ಮತ್ತು ಗಿಲ್ಮೋರ್ ನಡುವೆ ಬಿರುಕು ದೊಡ್ಡದಾಗುತ್ತಿತ್ತು. ನಾಲ್ವರು ಒಂದೆಡೆ ಕೂತು ಹಳೆಯ ಹಾಡನ್ನು ಮತ್ತೆ ನುಡಿಸುವುದು ಆಗಲಿಲ್ಲ. ಗಿಲ್ಮೋರ್ ಒಬ್ಬರೇ ಸ್ಟುಡಿಯೋಗೆ ಹೋದರು. ಗಿಟಾರ್, ಬಾಸ್, ಕೀಲಿಮಣೆ, ಡ್ರಮ್ಸ್, ಕಂಠ ಎಲ್ಲವನ್ನೂ ತಾವೇ ಒಂದೊಂದಾಗಿ ಮುದ್ರಿಸಿದರು. 'ದ ವಾಲ್'ನಲ್ಲಿ ಕೆಲಸ ಮಾಡಿದ್ದ ಜೇಮ್ಸ್ ಗಥ್ರಿ ಜೊತೆಯಲ್ಲಿ ನಿರ್ಮಾಣ ನೋಡಿಕೊಂಡರು. ಹೊರಗಿನಿಂದ ಬಂದವರು ಒಬ್ಬರೇ, ಸ್ಯಾಕ್ಸೋಫೋನಿನ ಡಿಕ್ ಪ್ಯಾರಿ.

ಹೀಗೆ ಪಿಂಕ್ ಫ್ಲಾಯ್ಡ್ ಹೆಸರಿನಲ್ಲಿ ಬಂದ ಆ 'ಮನಿ'ಯಲ್ಲಿ ಪಿಂಕ್ ಫ್ಲಾಯ್ಡ್‌ನ ಒಬ್ಬರೇ ಇದ್ದಾರೆ. ರಚನೆ ವಾಟರ್ಸ್ ಅವರದಾದ್ದರಿಂದ ಅವರು ಒಂದು ತಂತಿಯನ್ನೂ ಮೀಟದಿದ್ದರೂ ರಚನಕಾರನ ರಾಯಲ್ಟಿ ಸಲ್ಲುವುದು ಅವರಿಗೇ.

ಗಿಲ್ಮೋರ್ ಪ್ರಾಮಾಣಿಕವಾಗಿ ದುಡಿದಿದ್ದಾರೆ. ಹೊಸ ಮುದ್ರಣದ ಸದ್ದು ಸ್ವಚ್ಛ, ಗಿಟಾರ್ ಸೊಗಸು. ಆದರೆ ಹೆಡ್‌ಫೋನ್ ಹಾಕಿಕೊಂಡು ಎರಡನ್ನೂ ಒಂದರ ಹಿಂದೆ ಒಂದು ಕೇಳಿದರೆ ನನ್ನ ಕಿವಿಗೆ ಮೊದಲು ತಾಗುವುದು ಡ್ರಮ್ಸ್. ಎಣಿಕೆ ತಪ್ಪಿಲ್ಲ, ಎಲ್ಲ ಹೊಡೆತವೂ ಸರಿಯಾದ ಜಾಗದಲ್ಲಿ ಬೀಳುತ್ತದೆ. ಹಳೆಯದರಲ್ಲಿ ಮೇಸನ್ ಮತ್ತು ವಾಟರ್ಸ್ ನಡುವೆ ಇದ್ದ ಎಳೆದಾಟ ಇದರಲ್ಲಿಲ್ಲ. ಇರುವುದಾದರೂ ಹೇಗೆ? ಒಬ್ಬನೇ ಮನುಷ್ಯ ತನ್ನ ಜೊತೆ ತಾನು ಜಗಳವಾಡಲಾರ. ಕಚೇರಿಯಲ್ಲಿ ಮೃದಂಗದವರು ಗಾಯಕರ ಮುಖ ನೋಡಿ ಕ್ಷಣದಲ್ಲಿ ಕೈ ಬದಲಿಸುವುದನ್ನು ನೋಡಿದವರಿಗೆ ನಾನು ಹೇಳುತ್ತಿರುವುದು ಅರ್ಥವಾಗುತ್ತದೆ. ಗಾಯಕರೇ ಮೊದಲು ಮೃದಂಗ ನುಡಿಸಿ ಮುದ್ರಿಸಿ, ಆಮೇಲೆ ಅದರ ಮೇಲೆ ಹಾಡಿದರೆ ಆ ನೋಟಕ್ಕೆ ಜಾಗವೆಲ್ಲಿ?

ಇನ್ನೊಂದು ವ್ಯತ್ಯಾಸ ಹಾಡಿನ ಸುತ್ತಲಿನದು. 1973ರ ಆಲ್ಬಮ್ಮಿನಲ್ಲಿ 'ಮನಿ' ಮುಗಿಯುವುದೇ ಇಲ್ಲ. ಯಾರ್ಯಾರದೋ ಮಾತಿನ ತುಣುಕುಗಳು ಬರುತ್ತವೆ, ಅವುಗಳ ಕೆಳಗಿನಿಂದ ಮುಂದಿನ ಹಾಡಿನ ಆರ್ಗನ್ ಮೆಲ್ಲಗೆ ಏಳುತ್ತದೆ. ಸಂಕಲನದಲ್ಲಿ ಆ ನೆರೆಹೊರೆ ಇಲ್ಲ. ಈ ತೊಂದರೆ ಹೊಸದಾಗಿ ನುಡಿಸಿದ ಹಾಡಿಗೆ ಮಾತ್ರ ಸೀಮಿತವೂ ಅಲ್ಲ. ಇದೇ ಸಂಕಲನದ 'ಶೈನ್ ಆನ್ ಯು ಕ್ರೇಜಿ ಡೈಮಂಡ್' ಹಳೆಯ ಟೇಪಿನಿಂದಲೇ ಬಂದದ್ದು, ಆದರೆ ಕತ್ತರಿ ಬಿದ್ದು. ಮೂಲದಲ್ಲಿ ಅದು ಒಂಬತ್ತು ಭಾಗಗಳ, ಒಟ್ಟು ಇಪ್ಪತ್ತೈದು ನಿಮಿಷ ಮೀರುವ ರಚನೆ. ಆಲ್ಬಮ್ಮಿನ ಎರಡು ತುದಿಗಳಲ್ಲಿ ನಿಂತು ಉಳಿದ ಹಾಡುಗಳನ್ನು ತೋಳಿನಲ್ಲಿ ಹಿಡಿದುಕೊಂಡಂತೆ ಇರುತ್ತದೆ. ತಂಡದ ಮೊದಲ ನಾಯಕ ಸಿಡ್ ಬ್ಯಾರೆಟ್ ಮಾನಸಿಕ ಅಸ್ವಸ್ಥತೆಯಿಂದ ದೂರವಾದ ನೋವು ಅದರ ಒಡಲಲ್ಲಿದೆ. ಮಾತು ಶುರುವಾಗಲು ಎಂಟು ನಿಮಿಷಕ್ಕೂ ಹೆಚ್ಚು ಕಾಯಬೇಕು, ಆ ಕಾಯುವಿಕೆಯೇ ಅಲ್ಲಿನ ವಿಷಯ. ಸಂಕಲನದಲ್ಲಿ ಇಡೀ ರಚನೆ ಹತ್ತು ಚಿಲ್ಲರೆ ನಿಮಿಷಕ್ಕೆ ಇಳಿದಿದೆ. ಆಲಾಪನೆಯನ್ನು ಮೊಟಕು ಮಾಡಿ ನೇರ ಪಲ್ಲವಿಗೆ ಕರೆದೊಯ್ದಂತೆ. ಇದ್ದ ಸದ್ದನ್ನೇ ಉಳಿಸಿಕೊಂಡು ಹಾಡನ್ನು ಬದಲಿಸುವುದೂ ಸಾಧ್ಯ ಎಂಬುದಕ್ಕೆ ಇದು ಉದಾಹರಣೆ. ನನ್ನ ಮಟ್ಟಿಗೆ ಹೊಸ 'ಮನಿ'ಗಿಂತ ಈ ಕತ್ತರಿಯೇ ಹೆಚ್ಚು ನೋಯಿಸಿತು.

ದೇವರನಾಮಗಳನ್ನು ಕೇಳಿ ಬೆಳೆದ ನಮಗೆ ಈ ನೋವು ವಿಚಿತ್ರವಾಗಿ ಕಾಣಬಹುದು. ಒಂದೇ ದಾಸರ ಪದವನ್ನು ಒಬ್ಬರು ಒಂದು ರಾಗದಲ್ಲಿ, ಇನ್ನೊಬ್ಬರು ಮತ್ತೊಂದು ರಾಗದಲ್ಲಿ ಹಾಡುತ್ತಾರೆ. ಯಾವುದು ಮೂಲ ಎಂದು ಯಾರೂ ಜಗಳವಾಡುವುದಿಲ್ಲ. ಅಲ್ಲಿ ರಚನೆ ಮೊದಲು ಬಂತು, ಧ್ವನಿಮುದ್ರಣ ಶತಮಾನಗಳ ನಂತರ ಬಂತು. ಪ್ರೋಗ್ರೆಸಿವ್ ರಾಕ್‌ನಲ್ಲಿ ಎರಡೂ ಒಟ್ಟಿಗೆ, ಒಂದೇ ಟೇಪಿನ ಮೇಲೆ ಹುಟ್ಟಿದವು. ನಾಣ್ಯದ ಸದ್ದಿನ ಆ ಬಳೆ ರಚನೆಯೋ ಧ್ವನಿಮುದ್ರಣವೋ? ಕಾನೂನು ಗೆರೆ ಎಳೆದು ಬೇರೆ ಮಾಡುತ್ತದೆ, ಕಿವಿಗೆ ಆ ಗೆರೆ ಕಾಣುವುದಿಲ್ಲ. ಹಳೆಯ ಹಾಡುಗಳನ್ನು ಮತ್ತೆ ಮಾಡುವುದು ಈ ಪ್ರಕಾರದಲ್ಲಿ ಇಷ್ಟು ಕಷ್ಟವಾಗಲು ಕಾರಣ ಇದೇ ಎಂದು ನಾನು ತಿಳಿದಿದ್ದೇನೆ.

ಹಾಗೆಂದು ಬೇರೆ ತಂಡಗಳು ಸುಮ್ಮನಿಲ್ಲ, ಎಲ್ಲರಿಗೂ ಕಾರಣ ಹಕ್ಕಿನ ಜಗಳವೂ ಅಲ್ಲ. ಜೆನೆಸಿಸ್ ತಂಡ 1999ರ ತನ್ನ ಸಂಕಲನಕ್ಕಾಗಿ 1974ರ 'ಕಾರ್ಪೆಟ್ ಕ್ರಾಲರ್ಸ್' ಹಾಡನ್ನು ಟ್ರೆವರ್ ಹಾರ್ನ್ ಅವರ ನಿರ್ಮಾಣದಲ್ಲಿ ಹೊಸದಾಗಿ ಮುದ್ರಿಸಿತು. ತಂಡ ಬಿಟ್ಟುಹೋಗಿದ್ದ ಪೀಟರ್ ಗೇಬ್ರಿಯಲ್ ಮತ್ತು ಅವರ ಜಾಗಕ್ಕೆ ಬಂದ ಫಿಲ್ ಕಾಲಿನ್ಸ್ ಒಂದೇ ಹಾಡಿನಲ್ಲಿ ದನಿ ಕೂಡಿಸಿದರು. ಮರಿಲಿಯನ್ 2009ರ 'ಲೆಸ್ ಈಸ್ ಮೋರ್'ನಲ್ಲಿ ತನ್ನ ಹಾಡುಗಳನ್ನು ವಿದ್ಯುತ್ ವಾದ್ಯಗಳ ಭಾರ ಇಳಿಸಿ ಮರಳಿ ಕಟ್ಟಿತು. ದ ಪೈನಾಪಲ್ ಥೀಫ್ ತಂಡದ ಮಾದರಿ ನನಗೆ ಇವೆಲ್ಲಕ್ಕಿಂತ ಹಿಡಿಸುತ್ತದೆ. ಪಾರ್ಕುಪೈನ್ ಟ್ರೀ ತಂಡದ ಡ್ರಮ್ಸ್ ವಾದಕ ಗ್ಯಾವಿನ್ ಹ್ಯಾರಿಸನ್ ತಮ್ಮೊಡನೆ ಸೇರಿದ ಮೇಲೆ, ಅವರು ಬರುವುದಕ್ಕೆ ಮೊದಲಿನ ಹಾಡುಗಳನ್ನು ಅವರ ಕೈಯಲ್ಲಿ ಹೊಸದಾಗಿ ನುಡಿಸಿ 2022ರಲ್ಲಿ 'ಗಿವ್ ಇಟ್ ಬ್ಯಾಕ್' ಎಂಬ ಆಲ್ಬಮ್ ಹೊರತಂದರು. ಲಯ ಬದಲಾದರೆ ಹಾಡಿನ ಮೈಕಟ್ಟೇ ಬದಲಾಗುತ್ತದೆ. ಹಳೆಯದನ್ನು ಹಾಗೇ ನಕಲು ಮಾಡುವ ಹಂಗು ಅಲ್ಲಿ ಇರಲಿಲ್ಲ, ಗಿಲ್ಮೋರ್ ಅವರಿಗೆ ಇತ್ತು.

ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ ಅವರ ಸುದ್ದಿ ಓದಿದವರಿಗೆ ಇಲ್ಲಿ ಹೋಲಿಕೆ ಹೊಳೆದಿರಬಹುದು. ತಮ್ಮ ಮೊದಲ ಆರು ಆಲ್ಬಮ್‌ಗಳ ಮೂಲ ಮುದ್ರಣಗಳು ಬೇರೆಯವರ ಪಾಲಾದಾಗ ಅವರು 2021ರಿಂದ ಅವುಗಳಲ್ಲಿ ನಾಲ್ಕನ್ನು ಹೊಸದಾಗಿ ಹಾಡಿ ಹೊರತಂದರು, 2025ರಲ್ಲಿ ಮೂಲಗಳನ್ನೇ ಕೊಂಡುಕೊಂಡರು. ಬಾಗಿಲು ಅದೇ, ಹೊಕ್ಕ ಉದ್ದೇಶ ಬೇರೆ. ಇಷ್ಟು ಸಲೀಸಾಗಿ ಎಲ್ಲರೂ ಹೀಗೆ ಮಾಡದಿರುವುದೇಕೆ ಎಂದರೆ, ಕಂಪನಿಗಳು ಕರಾರಿನಲ್ಲಿಯೇ ಇಂತಿಷ್ಟು ವರ್ಷ ಅದೇ ಹಾಡನ್ನು ಮತ್ತೆ ಮುದ್ರಿಸಕೂಡದು ಎಂದು ಬರೆಸಿಕೊಳ್ಳುವುದು ವಾಡಿಕೆ.

ಪಿಂಕ್ ಫ್ಲಾಯ್ಡ್ ಸ್ವತಃ ಮತ್ತೊಂದು ಬಗೆಯನ್ನೂ ಮಾಡಿ ನೋಡಿದೆ. ವಾಟರ್ಸ್ ಹೊರಟುಹೋದ ಮೇಲೆ 1987ರಲ್ಲಿ ಬಂದ 'ಎ ಮೊಮೆಂಟರಿ ಲ್ಯಾಪ್ಸ್ ಆಫ್ ರೀಸನ್'ನಲ್ಲಿ ಡ್ರಮ್ಸ್ ಬಹುಪಾಲು ಬೇರೆಯವರದ್ದು ಮತ್ತು ಯಂತ್ರದ್ದು. 2019ರ ಪರಿಷ್ಕೃತ ರೂಪಕ್ಕಾಗಿ ಮೇಸನ್ ಹೊಸದಾಗಿ ಡ್ರಮ್ಸ್ ನುಡಿಸಿದರು. 2008ರಲ್ಲಿ ತೀರಿಕೊಂಡಿದ್ದ ರೈಟ್ ಅವರ ಕೀಲಿಮಣೆಯನ್ನು ಹಳೆಯ ಪ್ರದರ್ಶನಗಳ ಟೇಪುಗಳಿಂದ ತಂದು ಕೂಡಿಸಲಾಯಿತು. 1981ರಲ್ಲಿ ಒಬ್ಬನೇ ಎಲ್ಲರ ಜಾಗ ತುಂಬಿದ್ದ ಗಿಲ್ಮೋರ್ ಇಲ್ಲಿ ಇತರರನ್ನು ಅವರವರ ಜಾಗಕ್ಕೆ ಮರಳಿ ಕೂರಿಸಿದ್ದಾರೆ. ಎರಡು ಕೆಲಸಗಳನ್ನೂ ಎದುರುಬದುರು ಇಟ್ಟು ನೋಡಿದಾಗ ನನಗೆ ಗಂಟಲು ಕಟ್ಟುತ್ತದೆ.

'ಮನಿ' 2023ರಲ್ಲಿ ಸ್ಟುಡಿಯೋದಲ್ಲಿ ಮೂರನೆಯ ಬಾರಿ ಮುದ್ರಣವಾಯಿತು, ಈ ಸಲ ಅದನ್ನು ಬರೆದವರ ಕೈಯಲ್ಲಿ. ಎಂಬತ್ತು ತುಂಬಿದ ವಾಟರ್ಸ್ ಆ ಅಕ್ಟೋಬರ್‌ನಲ್ಲಿ ಇಡೀ 'ಡಾರ್ಕ್ ಸೈಡ್' ಅನ್ನು ಹಳೆಯ ಗೆಳೆಯರಾರೂ ಇಲ್ಲದೆ ಹೊಸ ವಾದಕರೊಂದಿಗೆ ಹೊರತಂದರು. ಆ ಆಲ್ಬಮ್ಮಿನ ಕೆಲವು ರಚನೆಗಳಲ್ಲಿ ಗಿಲ್ಮೋರ್, ರೈಟ್, ಮೇಸನ್ ಅವರ ಪಾಲೂ ಇದೆ. ಆದರೆ 1909ರಲ್ಲಿ ಪಿಯಾನೊ ಸುರುಳಿಗಾಗಿ ತೆರೆದ ಬಾಗಿಲು ವಾಟರ್ಸ್‌ಗೂ ತೆರೆದೇ ಇತ್ತು. ಅವರ 'ಮನಿ'ಯಲ್ಲಿ ಓಟವಿಲ್ಲ, ಗಿಟಾರಿನ ಆ ಪ್ರಸಿದ್ಧ ಸರದಿಯೂ ಇಲ್ಲ. ಮುದುಕನೊಬ್ಬ ಕಿವಿಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಮಾತಾಡುತ್ತಾನೆ. ಗಿಲ್ಮೋರ್ ಹಾಡನ್ನು ಇದ್ದಂತೆಯೇ ಉಳಿಸಿಕೊಳ್ಳಲು ಶ್ರಮಪಟ್ಟಿದ್ದರು, ವಾಟರ್ಸ್‌ಗೆ ಅದು ಬೇಕಿರಲಿಲ್ಲ. ನನಗೆ ವಾಟರ್ಸ್ ಅವರದು ಹೆಚ್ಚು ಧೈರ್ಯದ ಕೆಲಸವೆನಿಸುತ್ತದೆ, ಗಿಲ್ಮೋರ್ ಅವರದನ್ನು ಹೆಚ್ಚು ಬಾರಿ ಕೇಳುತ್ತೇನೆ.

2024ರ ಅಕ್ಟೋಬರ್‌ನಲ್ಲಿ ತಂಡ ತನ್ನ ಧ್ವನಿಮುದ್ರಣಗಳ ಹಕ್ಕನ್ನು ಸೋನಿ ಕಂಪನಿಗೆ ಸುಮಾರು 40 ಕೋಟಿ ಡಾಲರಿಗೆ ಮಾರಿತು ಎಂದು ವರದಿಯಾಯಿತು. ತಂಡದ ಹೆಸರು ಮತ್ತು ಚಿತ್ರಗಳ ಹಕ್ಕೂ ಅದರಲ್ಲಿ ಸೇರಿತ್ತು. ರಚನೆಗಳ ಹಕ್ಕು ಸೇರಿರಲಿಲ್ಲ, ಅದು ಬರೆದವರ ಬಳಿಯೇ ಉಳಿಯಿತು. ಕೊಲಂಬಿಯಾ ಇಂದು ಸೋನಿಯ ಭಾಗ. 1981ರಲ್ಲಿ ಕೇಳಿ ಸಿಗದೆ ಹೋದ ಆ ಟೇಪು, ನಾಣ್ಯ ಉದುರುವ ಬೋಗುಣಿಯ ಸದ್ದಿನೊಂದಿಗೆ, ನಲವತ್ತಮೂರು ವರ್ಷಗಳ ಬಳಿಕ ಅದೇ ಮನೆಯೊಳಗೆ ಬಂದು ಸೇರಿದೆ.